ನಾನು ಬರೆಸಿದ್ದಲ್ಲ

"ಯಾಕ ಬರಸಿದ್ರಿ ಅಕ್ಕಾರ?"

ಶನಿವಾರ ಸಂಜೆಯಿಂದ ಈ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಕುಕ್ಕರ್ ಕೂಗಿದರೂ ಅದೇ, ಸಿಂಹಗಡ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೂ ಅದೇ. ಕೇಳಿದವರು ಮಗನ ಶಾಲೆಯ ಮಾವಶಿ. ಕೇಳಿದ ಜಾಗ ಸಭಾಂಗಣದ ಹಿಂದಿನ ಮೆಟ್ಟಿಲು. ಕೈಯಲ್ಲಿ ಖಾಲಿ ಚಹಾ ಕಪ್ಪುಗಳ ಟ್ರೇ, ಕಂಕುಳಲ್ಲಿ ಒಂದು ಹೂಗುಚ್ಛ. "ನಾನು ಬರೆಸಿದ್ದಲ್ಲ ಮಾವಶಿ" ಅಂದೆ. ಅವರು ನಂಬಲಿಲ್ಲ. ಟ್ರೇ ಸರಿಮಾಡಿಕೊಂಡು ಇಳಿದು ಹೋದರು.

ಪುಣೆಯ ಶಾಲೆಗಳಲ್ಲಿ ಆಯಾಗಳನ್ನು ಎಲ್ಲರೂ ಕರೆಯೋದು ಮಾವಶಿ ಅಂತಲೇ. ಅಮ್ಮನ ಅಕ್ಕತಂಗಿಯರಿಗೆ ಮರಾಠಿಯಲ್ಲಿ ಆ ಹೆಸರು. ಕೇಳೋಕೆ ಎಷ್ಟು ಹಿತ. ಹೆಸರು ಕೇಳುವ ಕೆಲಸವೂ ತಪ್ಪುತ್ತದೆ.

ಅವತ್ತು ನಡೆದದ್ದು ಹೈಸ್ಕೂಲಿನ ಕ್ರೀಡಾಪಟುಗಳಿಗೂ ಅವರ ಕೋಚ್‌ಗಳಿಗೂ ಸನ್ಮಾನ. ಇಂಥದಕ್ಕೆಲ್ಲ ನಾನೇ ನಿರೂಪಕಿ. ಕನ್ನಡದ ಕಾರ್ಯಕ್ರಮಗಳಲ್ಲಿ ಮೈಕ್ ಹಿಡಿದು ಹಿಡಿದು ಅಭ್ಯಾಸವಾಗಿದೆ. ಹದಿನಾರು ವರ್ಷ ಪುಣೆಯಲ್ಲಿದ್ದು ನನ್ನ ಮರಾಠಿಯೂ ಈಗ ಮೈಕಿಗೆ ಹೆದರುವುದಿಲ್ಲ. ಮೈಸೂರಿನವಳು ಇಷ್ಟು ಚೆನ್ನಾಗಿ ಮರಾಠಿ ಮಾತಾಡ್ತಾಳೆ ಅಂತ ಹೊಗಳಿಸಿಕೊಳ್ಳುವ ಚಟವೂ ಸ್ವಲ್ಪ ಇದೆ, ಒಪ್ಪಿಕೊಳ್ಳುತ್ತೇನೆ.

ಪಟ್ಟಿ ಗುರುವಾರವೇ ಆಫೀಸಿನಿಂದ ವಾಟ್ಸಾಪಿನಲ್ಲಿ ಬಂದಿತ್ತು. 37 ಮಕ್ಕಳು, ಐದು ಕೋಚ್‌ಗಳು, ಐದು ಶಾಲು, ಐದು ತೆಂಗಿನಕಾಯಿ. ಕೊನೆಯಲ್ಲಿ ನಿರೂಪಕಿಗೆ ಒಂದು ಹೂಗುಚ್ಛ. ಈಜಿನ ಕೋಚ್ ಹೆಸರೂ ಇತ್ತು. ಶಾಲೆಯಲ್ಲಿ ಈಜುಕೊಳವೇ ಇಲ್ಲ! ಆ ಪದಕಗಳೆಲ್ಲ ಅಪ್ಪ ಅಮ್ಮಂದಿರು ಬೆಳಗಿನ ಐದು ಗಂಟೆಗೆ ಸ್ಕೂಟರ್ ಹತ್ತಿ, ಕ್ಲಬ್ಬಿಗೆ ದುಡ್ಡು ಕಟ್ಟಿ ತಂದದ್ದು. ಬ್ಯಾನರ್ ಮಾತ್ರ ಶಾಲೆಯದ್ದು. ಇರಲಿ ಬಿಡಿ, ಎಲ್ಲ ಕಡೆಯೂ ಹೀಗೇ.

ಶಾಲೆಯ ಮೈದಾನದಲ್ಲೇ ಬೆಳೆದ ತಂಡ ಅಂದರೆ ಒಂದೇ, ಹುಡುಗಿಯರ ಖೋ-ಖೋ. ಈ ಸಲ ಜಿಲ್ಲೆಗೆ ಎರಡನೆಯವರಾಗಿ ಬಂದರು. ಅವರ ಮುಂದೆ ಪಟ್ಟಿಯಲ್ಲಿ ಇದ್ದದ್ದು ಪಿ.ಟಿ. ಸರ್ ಹೆಸರು. ಅದನ್ನು ಓದಿದಾಗ ನನ್ನ ಹೆಬ್ಬೆರಳು ಒಂದು ಕ್ಷಣ ನಿಂತಿತು. ಯಾಕೆಂದರೆ ಆ ಹುಡುಗಿಯರಿಗೆ ಕಲಿಸಿದ್ದು ಯಾರು ಅಂತ ನನಗೆ ಗೊತ್ತಿತ್ತು. ಮಗನನ್ನು ಕರೆದುಕೊಂಡು ಹೋಗೋಕೆ ಗೇಟಿನಲ್ಲಿ ಕಾಯುವ ನನ್ನಂಥ ಅಮ್ಮಂದಿರಿಗೆಲ್ಲ ಗೊತ್ತಿತ್ತು. ನಾನು "ಓಕೆ ಮ್ಯಾಡಂ" ಅಂತ ಬರೆದು, ಕೈಮುಗಿಯುವ ಗುರುತು ಹಾಕಿ ಕಳಿಸಿದೆ.

ಮಾವಶಿಯ ಪರಿಚಯ ಆಗಿದ್ದೇ ಖೋ-ಖೋದಿಂದ. ಎರಡು ವರ್ಷದ ಹಿಂದೆ ಗೇಟಿನಲ್ಲಿ ನಿಂತಿದ್ದಾಗ ಮೈದಾನದಿಂದ ಒಂದು ಕೂಗು ಬಂತು. "ಏ, ಮುಟ್ಟದ ಖೋ ಅನಬ್ಯಾಡ!" ಪುಣೆಯ ಮೈದಾನದಲ್ಲಿ ಕನ್ನಡ ಕೇಳಿದರೆ ಯಾರು ತಾನೇ ತಿರುಗಿ ನೋಡುವುದಿಲ್ಲ? ನೋಡಿದರೆ ನೀಲಿ ಸೀರೆಯ ಸಮವಸ್ತ್ರ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಂಬದ ಹತ್ತಿರ ನಿಂತಿದ್ದಾರೆ. ಅಕ್ಕಲಕೋಟೆ ತಾಲ್ಲೂಕಿನವರು. ಮಹಾರಾಷ್ಟ್ರವೇ, ಆದರೆ ಮನೆಮಾತು ಕನ್ನಡ. ಹುಡುಗಿಯರ ಜೊತೆ ಮಾತೆಲ್ಲ ಮರಾಠಿಯಲ್ಲಿ. ಸಿಟ್ಟು ಬಂದರೆ ಮಾತ್ರ ಕನ್ನಡ. ಹಾಗಾಗಿ ತಂಡದ ಹನ್ನೆರಡು ಹುಡುಗಿಯರಿಗೂ ಬೈಗುಳದಷ್ಟು ಕನ್ನಡ ಚೆನ್ನಾಗಿ ಬರುತ್ತದೆ.

ಖೋ-ಖೋ ನೋಡಿದವರಿಗೆ ಗೊತ್ತು. ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರ ಮುಖ ಈ ಕಡೆ, ಪಕ್ಕದವರದ್ದು ಆ ಕಡೆ. ಅಟ್ಟಿಸಿಕೊಂಡು ಹೋಗುವ ಒಂಬತ್ತನೆಯವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ ಖೋ ಅಂದರೆ ಮಾತ್ರ ಕೂತವಳು ಏಳಬೇಕು. ಅವಸರದಲ್ಲಿ ಮಕ್ಕಳು ಮುಟ್ಟದೆಯೇ ಕೂಗಿಬಿಡುತ್ತಾರೆ. ಫೌಲ್. ಮಾವಶಿ ಇದಕ್ಕೆ ಬೈದಷ್ಟು ಬೇರೆ ಯಾವುದಕ್ಕೂ ಬೈಯುವುದಿಲ್ಲ. ಅವರೂ ಶಾಲೆಯಲ್ಲಿದ್ದಾಗ ಆಡಿದವರು. ಒಂಬತ್ತನೇ ಕ್ಲಾಸಿಗೆ ಆಟ ನಿಂತಿತಂತೆ. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಊಹಿಸೋಕೆ ಕಷ್ಟವೇನಿಲ್ಲ.

ಪಿ.ಟಿ. ಸರ್‌ ಬಗ್ಗೆಯೂ ಹೇಳಿಬಿಡುತ್ತೇನೆ. ಕೆಟ್ಟ ಮನುಷ್ಯ ಅಲ್ಲ. ಸ್ಕೌಟು ಅವರದ್ದೇ, ಬಸ್ ಡ್ಯೂಟಿ ಅವರದ್ದೇ, ಯಾರಾದರೂ ಟೀಚರ್ ರಜೆ ಹಾಕಿದರೆ ಆ ಕ್ಲಾಸೂ ಅವರದ್ದೇ. ಜಿಲ್ಲಾ ಸ್ಪರ್ಧೆಯ ಫಾರ್ಮು, ಫೋಟೋ, ಜನನ ದಾಖಲೆ, ಮುಖ್ಯೋಪಾಧ್ಯಾಯಿನಿಯ ಸಹಿ, ಎಲ್ಲ ಓಡಾಡಿ ಮಾಡಿಸಿದ್ದು ಅವರೇ. ಫಾರ್ಮ್ ಹೋಗದಿದ್ದರೆ ಎಷ್ಟು ಚೆನ್ನಾಗಿ ಓಡಿದರೂ ಮೈದಾನಕ್ಕೆ ಬಿಡುವುದಿಲ್ಲ. ಮಾವಶಿ ಹುಡುಗಿಯರನ್ನು ಆಡಿಸುವುದನ್ನು ಕಂಡೂ ಕಾಣದ ಹಾಗೆ ಎರಡು ವರ್ಷ ಬಿಟ್ಟದ್ದೂ ಅವರೇ. ಅದು ಸಣ್ಣ ಉಪಕಾರ ಅಲ್ಲ ಅಂತ ನನಗೆ ಶನಿವಾರದವರೆಗೆ ಹೊಳೆದಿರಲಿಲ್ಲ.

ಸಮಾರಂಭ ಎಂದಿನಂತೆ ಮುಕ್ಕಾಲು ಗಂಟೆ ತಡವಾಗಿ ಶುರುವಾಯಿತು. ಮುಖ್ಯ ಅತಿಥಿ ಯಾವುದೋ ಕಂಪನಿಯ ದೊಡ್ಡ ಅಧಿಕಾರಿ. ಸಚಿನ್ ತೆಂಡೂಲ್ಕರ್ ಅವರ ಕೋಚ್ ಆಚರೇಕರ್ ಸರ್ ಸ್ಟಂಪಿನ ಮೇಲೆ ಒಂದು ರೂಪಾಯಿ ನಾಣ್ಯ ಇಡುತ್ತಿದ್ದ ಕಥೆ ಹೇಳಿದರು. ಔಟಾಗದೆ ಉಳಿದರೆ ನಾಣ್ಯ ಸಚಿನ್‌ಗೆ. ಅಂಥ 13 ನಾಣ್ಯ ಇನ್ನೂ ಅವರ ಹತ್ತಿರ ಇವೆಯಂತೆ. ಒಳ್ಳೆಯ ಕಥೆಯೇ. ಆದರೆ ಮುಂಬೈ ಪುಣೆಯಲ್ಲಿ ಕೋಚ್ ಅನ್ನೋ ಪದ ಬಂದರೆ ಸಾಕು, ಆ ನಾಣ್ಯ ಉರುಳಿಕೊಂಡು ಬಂದೇಬಿಡುತ್ತದೆ. ಎದುರಿಗೆ ಕೂತಿದ್ದವರು ಖೋ-ಖೋ ಹುಡುಗಿಯರು. 1914ರಲ್ಲಿ ಖೋ-ಖೋಗೆ ನಿಯಮ ಬರೆದದ್ದು ಇದೇ ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್ ನಡೆದಾಗ ನಮ್ಮ ಗಂಡಸರ ತಂಡವೂ ಗೆದ್ದಿತು, ಹೆಂಗಸರ ತಂಡವೂ ಗೆದ್ದಿತು. ನಾಯಕರಾದ ಪ್ರತೀಕ್ ವಾಯ್ಕರ್, ಪ್ರಿಯಾಂಕಾ ಇಂಗ್ಳೆ ಇಬ್ಬರೂ ಮಹಾರಾಷ್ಟ್ರದವರು. ನಮ್ಮ ಟಿ. ನರಸೀಪುರದ ಕಡೆಯ ಕುರುಬೂರಿನ ಚೈತ್ರಾ ಕೂಡ ಆ ತಂಡದಲ್ಲಿದ್ದಳು. ಇದನ್ನು ನಾನು ಕಾರ್ಡಿನಲ್ಲಿ ಬರೆದುಕೊಂಡು ಹೋಗಿದ್ದೆ. "ಟೈಮಿಲ್ಲ ಮ್ಯಾಡಂ" ಅಂತ ಕೈಸನ್ನೆ ಬಂತು.

ಸರಿ, ಸನ್ಮಾನ. ಶಾಲು, ಕಾಯಿ, ಫೋಟೋ, ಚಪ್ಪಾಳೆ. ಖೋ-ಖೋ ತಂಡದ ನಾಯಕಿಗೆ ಎರಡು ಮಾತಾಡೋಕೆ ಅವಕಾಶ. ಆ ಎರಡು ಮಾತನ್ನೂ ನಾನೇ ಬರೆದುಕೊಟ್ಟಿದ್ದೆ. ಮುಖ್ಯೋಪಾಧ್ಯಾಯಿನಿಗೆ, ಕ್ರೀಡಾ ಶಿಕ್ಷಕರಿಗೆ, ಪಾಲಕರಿಗೆ ಧನ್ಯವಾದ. ಹತ್ತನೇ ಕ್ಲಾಸಿನ ಹುಡುಗಿ, ಮರಾಠಿ ಮನೆಯವಳು. ಚೀಟಿ ಓದಿದಳು. ಮಡಚಿದಳು. ಸಭೆಯನ್ನೆಲ್ಲ ಒಂದು ಸುತ್ತು ನೋಡಿದಳು. "ಮಾವಶಿ ಕುಠೇ ಆಹೇತ?" ಅಂದಳು.

ಮಾವಶಿ ಎಲ್ಲಿದ್ದಾರೆ ಅಂತ. ಅಷ್ಟೇ. ಭಾಷಣದ ಧಾಟಿಯೇ ಅಲ್ಲ. ಮನೆಗೆ ಬಂದ ಮಗು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಅಮ್ಮ ಎಲ್ಲಿ ಅಂತ ಕೇಳುತ್ತದಲ್ಲ, ಹಾಗೆ.

ಒಂದು ಕ್ಷಣ ಸದ್ದಿಲ್ಲ. ಆಮೇಲೆ ಹಿಂದಿನ ಸಾಲಿನ ಹುಡುಗಿಯರು "ಮಾವಶಿ! ಮಾವಶಿ!" ಅಂತ ಕೂಗೋಕೆ ಶುರು. ಮುಖ್ಯೋಪಾಧ್ಯಾಯಿನಿ ಜಾಣೆ, ನಕ್ಕು "ಕರೀರಿ, ಕರೀರಿ" ಅಂದರು. ಯಾರೋ ಕೆಳಗೆ ಓಡಿದರು. ಮಾವಶಿ ಬರೋಕೆ ಎರಡು ನಿಮಿಷ ಹಿಡಿಯಿತು. ಮೈಕ್ ಹಿಡಿದವರಿಗೆ ಎರಡು ನಿಮಿಷದ ಮೌನ ಅಂದರೆ ಎರಡು ವರ್ಷ. ಅದನ್ನು ತುಂಬಿಸಿದ್ದು ನಾನು. "ಕೆಲಸದ ನಡುವೆಯೂ ಬಿಡುವು ಮಾಡಿಕೊಂಡು, ಪ್ರತಿದಿನ ಈ ಮಕ್ಕಳನ್ನು ತಿದ್ದಿದ ನಮ್ಮೆಲ್ಲರ ಪ್ರೀತಿಯ ಮಾವಶಿ" ಅಂತ ಮರಾಠಿಯಲ್ಲಿ ಸೊಗಸಾಗಿ ಎಳೆದೆ. ಎಳೆಯುತ್ತಿರುವಾಗಲೇ ಹೊಳೆಯಿತು, ಹೆಸರು ಹೇಳಬೇಕಲ್ಲ. ಹೆಸರು ನನಗೆ ಗೊತ್ತಿರಲಿಲ್ಲ. ಎರಡು ವರ್ಷ ಅವರ ಮನೆಯ ಶೇಂಗಾ ಚಟ್ನಿ ತಿಂದಿದ್ದೇನೆ.

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದರು. ಶಾಲು ಉಳಿದಿರಲಿಲ್ಲ, ಎಣಿಸಿ ತಂದಿದ್ದು. ಯಾರೋ ಚುರುಕಾಗಿ ನನ್ನ ಹೂಗುಚ್ಛ ಎತ್ತಿ ಅಧ್ಯಕ್ಷರ ಕೈಗೆ ಕೊಟ್ಟರು. ನಿಜ ಹೇಳಬೇಕಾ? ಆ ಕ್ಷಣದಲ್ಲಿ ನನಗೆ ಚುರ್ ಅಂದಿತು. ಹೋಗಿ ಹೋಗಿ ಒಂದು ಹೂಗುಚ್ಛಕ್ಕೆ! ಹುಡುಗಿಯರು ಅಳುತ್ತಿದ್ದರು, ಪಾಲಕರು ಎದ್ದು ನಿಂತಿದ್ದರು, ನನ್ನ ಕಣ್ಣೂ ಒದ್ದೆಯಾಯಿತು. ಮಾವಶಿ ಒಬ್ಬರೇ ನಗಲೂ ಇಲ್ಲ, ಅಳಲೂ ಇಲ್ಲ. ಸಭಾಂಗಣದ ಬಾಗಿಲ ಕಡೆಗೇ ನೋಡುತ್ತಿದ್ದರು.

ಬಾಗಿಲಲ್ಲಿ ನಿಂತಿದ್ದದ್ದು ಸೂಪರ್‌ವೈಸರ್. ಮಾವಶಿ ಶಾಲೆಯ ನೌಕರಳಲ್ಲ, ಗುತ್ತಿಗೆದಾರರ ಕಡೆಯವರು. ಇದು ನನಗೆ ಗೊತ್ತಾದದ್ದು ಮಂಗಳವಾರ. ಸೋಮವಾರ ಬೆಳಿಗ್ಗೆಯೇ ಅವರನ್ನು ಕರೆಸಿ, ಕೆಲಸದ ಹೊತ್ತಿನಲ್ಲಿ ಆಟ ಆಡಿಸೋಕೆ ಸಂಬಳ ಕೊಡೋದಾ ಅಂತ ಕೇಳಿದರಂತೆ. ಮೂರನೇ ಮಹಡಿಗೆ ಹಾಕಿದ್ದಾರೆ, ಸಣ್ಣ ಮಕ್ಕಳ ಟಾಯ್ಲೆಟ್ ಕಡೆ. ರಿಸೆಸ್ಸಿನಲ್ಲಿ ಕೆಳಗೆ ಬರುವ ಹಾಗಿಲ್ಲ.

ಕೆಲಸದ ನಡುವೆಯೂ. ನನ್ನದೇ ಮಾತು. ಹುಡುಗಿ ಕೇಳಿದ್ದು ಮಾವಶಿ ಎಲ್ಲಿ ಅಂತ ಮಾತ್ರ. ಯಾವ ಹೊತ್ತಿನಲ್ಲಿ ಏನು ಮಾಡುತ್ತಾರೆ ಅಂತ ಊರಿಗೆಲ್ಲ ಸಾರಿದ್ದು ನಾನು. ನಾಲ್ಕು ಜನ ಹೊಗಳಲಿ ಅಂತ ಪೋಣಿಸಿದ ವಾಕ್ಯ ಒಬ್ಬರ ಹಾಜರಿ ಪುಸ್ತಕಕ್ಕೆ ಹೋಗಿ ಕೂತಿತು.

"ಯಾಕ ಬರಸಿದ್ರಿ" ಅಂದರೆ ಹುಡುಗಿಯ ಬಾಯಲ್ಲಿ ಯಾಕೆ ಹೇಳಿಸಿದಿರಿ ಅಂತ. ಅದಕ್ಕೆ ನಾನು ಕೊಟ್ಟ ಉತ್ತರ ಸತ್ಯವೇ. ನಾನು ಬರೆಸಿದ್ದಲ್ಲ. ಗುರುವಾರ ಪಟ್ಟಿ ಬಂದಾಗಲೂ ಬರೆಸಲಿಲ್ಲ. ಅವತ್ತೇ ಮುಖ್ಯೋಪಾಧ್ಯಾಯಿನಿಗೆ ಮೆಲ್ಲಗೆ ಒಂದು ಫೋನ್ ಮಾಡಿದ್ದರೆ ಗುತ್ತಿಗೆದಾರರ ಹತ್ತಿರ ಮಾತಾಡಿ, ಅನುಮತಿ ಅಂತ ಒಂದು ಕಾಗದ ಮಾಡಿ, ಆರನೇ ಶಾಲು ತರಿಸಬಹುದಿತ್ತೋ ಏನೋ. ಬೇಡ ಅನ್ನುತ್ತಿದ್ದರೆ ಅದೂ ಗೊತ್ತಾಗುತ್ತಿತ್ತು. ಮಾವಶಿಯನ್ನೇ ಒಂದು ಮಾತು ಕೇಳಬಹುದಿತ್ತು, ಸ್ಟೇಜಿಗೆ ಬರ್ತೀರಾ ಅಂತ. ಇದೆಲ್ಲ ಈಗ ಚೆನ್ನಾಗಿ ಹೊಳೆಯುತ್ತಿದೆ.

ದೇಶವೇ ಆಟಗಾರರಿಗೆ ಅರ್ಜುನ ಪ್ರಶಸ್ತಿ ಶುರುಮಾಡಿದ್ದು 1961ರಲ್ಲಿ, ಕೋಚ್‌ಗಳಿಗೆ ದ್ರೋಣಾಚಾರ್ಯ ಬಂದದ್ದು 1985ರಲ್ಲಿ. ಕಲಿಸಿದವರು ನೆನಪಾಗೋಕೆ 24 ವರ್ಷ ಹಿಡಿಯಿತು. ಆ ಲೆಕ್ಕದಲ್ಲಿ ನಮ್ಮ ಶಾಲೆ ಏನೂ ಹಿಂದುಳಿದಿಲ್ಲ ಅಂತ ಗಂಡ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ಶಾಲೆಯವರು ಹಾಕಿದ ಫೋಟೋ ನೋಡಿದ್ದೇನೆ. ಮಾವಶಿ ಅಂಚಿನಲ್ಲಿದ್ದಾರೆ, ಅರ್ಧ ಹೂಗುಚ್ಛ ಕಾಣುತ್ತದೆ. ಕೆಳಗೆ "ಖೋ-ಖೋ ತಂಡ, ಕ್ರೀಡಾ ಶಿಕ್ಷಕರು ಮತ್ತು ಸಿಬ್ಬಂದಿ" ಅಂತ ಇದೆ.

ನಿನ್ನೆ ಧೈರ್ಯ ಮಾಡಿ ಮೂರೂವರೆಗೆ ಗೇಟಿನಲ್ಲಿ ನಿಂತೆ. ಡ್ಯೂಟಿ ಮುಗಿಸಿ ಬಂದರು. ಮೊದಲು ಹೆಸರು ಕೇಳಿದೆ. ಹೇಳಿದರು. ಇಲ್ಲಿ ಹಾಕುವುದಿಲ್ಲ, ಒಂದು ಸಲ ಆದದ್ದು ಸಾಕು. ಮುಖ್ಯೋಪಾಧ್ಯಾಯಿನಿ ಹತ್ತಿರ ಮಾತಾಡುತ್ತೇನೆ ಅಂದೆ, ಪಾಲಕರೆಲ್ಲ ಸೇರಿ ಒಂದು ಪತ್ರ ಬರೆಯುತ್ತೇವೆ ಅಂದೆ. ಅವರು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಕಣ್ಣು ಮೈದಾನದ ಮೇಲಿತ್ತು. ಸಂಜೆಯ ಅಭ್ಯಾಸಕ್ಕೆ ಯಾರೂ ತಡೆ ಹಾಕಿಲ್ಲ, ಹುಡುಗಿಯರು ಆಗಲೇ ಸಾಲು ಕೂತಿದ್ದರು.

"ಪತ್ರ ಗಿತ್ರ ಏನೂ ಬ್ಯಾಡ್ರಿ" ಅಂದರು. "ಬರೆಯೂದ ಇದ್ರ ಒಂದ ಬರೀರಿ. ಹೋದ ಸಲ ಫಾರ್ಮಿನಾಗ ಒಂದ ಹುಡುಗಿದು ಹುಟ್ಟಿದ ತಾರೀಕು ತಪ್ಪಿತ್ತು. ಆಧಾರಿನಾಗ ಬ್ಯಾರೆ, ಶಾಲಿಯಾಗ ಬ್ಯಾರೆ. ಪಾಪ, ಆಟ ಮುಗಿಯೂ ಮಟ ಹೊರಗ ಕೂತಳು. ಈ ಸಲ ನೀವು ಕೂತು ಹನ್ನೆರಡೂ ಮಂದೀದು ತಾಳೆ ನೋಡ್ರಿ."

ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು. ಹನ್ನೆರಡರಲ್ಲಿ ಒಂಬತ್ತು ಜನರ ಆಧಾರ್ ಪ್ರತಿ ಇವತ್ತು ಬೆಳಿಗ್ಗೆ ಕೈಗೆ ಸಿಕ್ಕಿದೆ. ಎರಡರಲ್ಲಿ ತಾರೀಕು ತಾಳೆಯಾಗುತ್ತಿಲ್ಲ.