ಕೋಲು ಬಿದ್ದ ಮೇಲೆ ಬರುವ ಶಬ್ದ

ಓಣಂ ರಜೆಯ ಎರಡನೇ ದಿನ ನೀರ್ಚಾಲಿನಿಂದ ಫೋನ್ ಬಂತು. ಗೆಳೆಯ ದುಬಾಯಿಯಲ್ಲಿದ್ದಾನೆ, ಮಾತನಾಡಿದ್ದು ಅವನ ಹೆಂಡತಿ. "ಅಣ್ಣಾ, ಮಕ್ಕಳ ಆಟದ ಡ್ರಮ್ ಹಾಳಾಗಿದೆ. ಹೊಸ ಟಿವಿ ಬಂದ ಮೇಲೆ ಒಂದು ಪೆಟ್ಟೂ ಲೆಕ್ಕಕ್ಕೆ ಸಿಗುವುದಿಲ್ಲವಂತೆ. ಪುರುಸೊತ್ತಾದಾಗ ಒಮ್ಮೆ ಬಂದು ನೋಡುತ್ತೀರಾ?"

ಬದಿಯಡ್ಕ ಪೇಟೆಯಲ್ಲಿ ನಾನು ಟಿವಿ ರಿಪೇರಿ ಮಾಡುತ್ತಾ ಇಪ್ಪತ್ತಾರು ವರ್ಷಗಳಾದವು. ತುಲಾ ತಿಂಗಳ ಗುಡುಗು ಶುರುವಾಯಿತೆಂದರೆ ಸಿಡಿಲಿಗೆ ಸುಟ್ಟ ಬೋರ್ಡುಗಳ ರಾಶಿಯೇ ಅಂಗಡಿಗೆ ಬರುತ್ತದೆ. ಓಣಂ ಹೊತ್ತಿಗೆ ಅಷ್ಟು ಕೆಲಸವಿರುವುದಿಲ್ಲ. ಸ್ಕೂಟರ್ ಹತ್ತಿ ಹೊರಟೆ. ಆ ಮನೆಯ ಹುಡುಗ ನನ್ನ ಶಿಷ್ಯನೂ ಹೌದು. ರಾತ್ರಿ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಮದ್ದಳೆ ಬಾರಿಸುವ ನಾನು ಆದಿತ್ಯವಾರ ಬೆಳಿಗ್ಗೆ ಏಳೆಂಟು ಮಕ್ಕಳಿಗೆ ಚೆಂಡೆ ಹೇಳಿಕೊಡುತ್ತೇನೆ.

ಆ ವಿಡಿಯೊ ಆಟದ ಹೆಸರು ರಾಕ್ ಬ್ಯಾಂಡ್ 2. ಬಂದದ್ದು 2008ರಲ್ಲಿ. ಗೆಳೆಯ ಅದನ್ನು ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರದ ಜೊತೆಗೆ ದುಬಾಯಿಯಿಂದ ಹೊತ್ತು ತಂದಿದ್ದ. ನಾಲ್ಕು ಬಣ್ಣದ ಪ್ಯಾಡುಗಳು, ಕಾಲಡಿಗೆ ಒಂದು ಪೆಡಲು. ಪರದೆಯ ಮೇಲಿನಿಂದ ಬಣ್ಣದ ಗುರುತುಗಳು ಇಳಿದು ಬರುತ್ತವೆ. ಕೆಳಗಿನ ಗೆರೆಯನ್ನು ಮುಟ್ಟುವ ಕ್ಷಣಕ್ಕೆ ಅದೇ ಬಣ್ಣದ ಪ್ಯಾಡಿಗೆ ಕೋಲು ಬೀಳಬೇಕು. ಹಳೆಯ ಇಪ್ಪತ್ತೊಂದು ಇಂಚಿನ ಡಬ್ಬಿ ಟಿವಿಯಲ್ಲಿ ಅಕ್ಕ, ತಮ್ಮ ಇಬ್ಬರೂ ವರ್ಷಗಟ್ಟಲೆ ಆಡಿದ್ದಾರೆ. ಈ ಸಲದ ಓಣಂ ರಿಯಾಯಿತಿಯಲ್ಲಿ ಕಾಸರಗೋಡಿನಿಂದ ನಲವತ್ಮೂರು ಇಂಚಿನ ಎಲ್‌ಇಡಿ ಟಿವಿ ಬಂದಿತ್ತು. ಡಬ್ಬಿ ಟಿವಿ ಅಡಿಕೆ ಗೋಣಿಗಳ ಪಕ್ಕಕ್ಕೆ ಸರಿದಿತ್ತು.

ಮೊದಲು ನಾನು ಅನುಮಾನಪಟ್ಟದ್ದು ಡ್ರಮ್ಮನ್ನೇ. ಪ್ಯಾಡುಗಳನ್ನು ಬಿಚ್ಚಿದೆ. ಒಳಗೆ ಅಂಟಿಸಿರುವ, ಪೆಟ್ಟನ್ನು ವಿದ್ಯುತ್ ಸಂಕೇತವಾಗಿಸುವ ಪೀಜೋ ಬಿಲ್ಲೆಗಳು ನಾಲ್ಕೂ ಸರಿ ಇದ್ದವು. ಒಂದರ ತಂತಿಗೆ ಸೋಲ್ಡರ್ ಸಡಿಲವಿತ್ತು, ಬೆಸೆದೆ. ಮತ್ತೆ ಆಡಿಸಿದೆ, ಬದಲಾವಣೆ ಇಲ್ಲ. ರಜೆಗೆ ಮಂಗಳೂರಿನ ಹಾಸ್ಟೆಲಿನಿಂದ ಬಂದಿದ್ದ ಅಕ್ಕ ಮೂರನೆಯ ಸಾಲಿಗೇ ಸೋತು ಕೋಲು ಕೆಳಗಿಟ್ಟಳು. ತಮ್ಮ ಮಾತ್ರ ಹೇಗೋ ಮುಂದುವರಿಯುತ್ತಿದ್ದ. "ನಿನಗೆ ಮಾತ್ರ ಹೇಗೆ ಸಿಗುತ್ತದೆ?" ಎಂದು ಕೇಳಿದೆ.

"ಗುರುತು ಗೆರೆಗೆ ಬರುವ ಮೊದಲೇ ಹೊಡೆಯಬೇಕು ಮಾಮ. ಶಬ್ದ ಕೇಳಿಸುವುದಕ್ಕೂ ಮೊದಲು."

ಅಲ್ಲಿಗೆ ನನಗೆ ವಿಷಯ ಹೊಳೆಯಿತು. ಕೆಟ್ಟುಹೋದ ವಸ್ತು ಒಂದೇ ಅಳತೆಯಲ್ಲಿ ತಪ್ಪುವುದಿಲ್ಲ. ಸಡಿಲ ತಂತಿ ಒಮ್ಮೆ ತಪ್ಪುತ್ತದೆ, ಒಮ್ಮೆ ಸರಿಯಾಗುತ್ತದೆ. ಇಲ್ಲಿ ಎಲ್ಲ ಪೆಟ್ಟೂ ಒಂದೇ ಅಳತೆಯಷ್ಟು ತಪ್ಪುತ್ತಿತ್ತು. ಅಂದರೆ ಯಾವುದೂ ಕೆಟ್ಟಿರಲಿಲ್ಲ; ನಡುವೆ ಯಾರೋ ತಡ ಮಾಡುತ್ತಿದ್ದರು.

ಹೊಳೆದ ಇನ್ನೊಂದು ವಿಷಯ ನೋವಿನದ್ದು. ಹಿಂದಿನ ಎರಡು ಆದಿತ್ಯವಾರ ಈ ಹುಡುಗನ ಚೆಂಡೆ ತಾಳಕ್ಕಿಂತ ಮುಂದೆ ಓಡುತ್ತಿತ್ತು. ನಾನು ಲಯ ತೋರಿಸುವ ಲೋಹದ ಚಕ್ರತಾಳ ಹಿಡಿದು ಎಷ್ಟು ಎಳೆದರೂ ನಿಲ್ಲುತ್ತಿರಲಿಲ್ಲ. "ಮನಸ್ಸು ಎಲ್ಲಿದೆ ನಿನಗೆ?" ಎಂದು ಎಲ್ಲರೆದುರು ಗದರಿದ್ದೆ. ಅವನ ಮನಸ್ಸು ತಾಳದಲ್ಲೇ ಇತ್ತು. ಕೈ ಮಾತ್ರ ಮನೆಯ ಟಿವಿಯಿಂದ ಬೇರೆ ಪಾಠ ಕಲಿತಿತ್ತು.

ಡಬ್ಬಿ ಟಿವಿಗೆ ಕಾಯುವುದೇ ಗೊತ್ತಿರಲಿಲ್ಲ. ಬಂದ ಸಂಕೇತ ನೇರವಾಗಿ ಪಿಕ್ಚರ್ ಟ್ಯೂಬಿನ ಗನ್ನಿಗೆ ಹೋಗುತ್ತಿತ್ತು, ಬರುತ್ತಿದ್ದ ಹಾಗೆಯೇ ಗೆರೆಗೆರೆಯಾಗಿ ಗಾಜಿನ ಮೇಲೆ ಬೀಳುತ್ತಿತ್ತು. ಚಿತ್ರವನ್ನು ಹಿಡಿದಿಟ್ಟುಕೊಳ್ಳಲು ಅದರಲ್ಲಿ ಜಾಗವೇ ಇರಲಿಲ್ಲ. ಹೊಸ ಟಿವಿ ಪೂರ್ತಿ ಚಿತ್ರವನ್ನು ಮೊದಲು ತನ್ನ ಮೆಮೊರಿಗೆ ತುಂಬಿಸಿಕೊಳ್ಳುತ್ತದೆ. ಈ ಆಟ ಕಳುಹಿಸುವುದು 720 ಗೆರೆಗಳ ಚಿತ್ರ, ಆ ಪ್ಯಾನೆಲಿನಲ್ಲಿರುವುದು 1080. ಆದ್ದರಿಂದ ಹಿಗ್ಗಿಸಬೇಕು. ಆಮೇಲೆ ಬಣ್ಣ ತಿದ್ದಬೇಕು, ಚುಕ್ಕೆಗಳನ್ನು ಅಳಿಸಬೇಕು. ಕ್ರಿಕೆಟಿನಲ್ಲಿ ಚೆಂಡು ನಯವಾಗಿ ಸಾಗುವಂತೆ ತೋರಿಸುವ ಒಂದು ಸೌಕರ್ಯವೂ ಇದೆ: ಎರಡು ಚಿತ್ರಗಳ ನಡುವೆ ಟಿವಿಯೇ ಇನ್ನೊಂದನ್ನು ಹುಟ್ಟಿಸುತ್ತದೆ. ಅದಕ್ಕೆ ಮುಂದಿನ ಚಿತ್ರ ಬರುವವರೆಗೆ ಕಾಯದೆ ಬೇರೆ ದಾರಿಯಿಲ್ಲ. ಸೆಕೆಂಡಿಗೆ 60 ಚಿತ್ರಗಳಾದರೆ ಒಂದೊಂದಕ್ಕೆ ಸುಮಾರು 17 ಮಿಲಿಸೆಕೆಂಡು. ಹೀಗೆ ಒಂದರ ಮೇಲೊಂದು ಸೇರಿಕೊಳ್ಳುತ್ತಾ ಹೋಗುತ್ತದೆ.

ಧಾರಾವಾಹಿ ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ತುಟಿಯ ಚಲನೆಗೆ ಮಾತು ಹೊಂದಲಿ ಎಂದು ಟಿವಿ ಧ್ವನಿಯನ್ನೂ ಅಷ್ಟೇ ತಡೆದು ಬಿಡುತ್ತದೆ. ಚಿತ್ರ ಮತ್ತು ಧ್ವನಿ ಜೊತೆಯಾಗಿ ತಡವಾದರೆ ಯಾರಿಗೆ ಗೊತ್ತಾಗಬೇಕು? ಕೈಯಲ್ಲಿ ಕೋಲು ಹಿಡಿದವನಿಗೆ ಮಾತ್ರ ಗೊತ್ತಾಗುತ್ತದೆ.

ಅಳೆಯಲು ಮೊಬೈಲ್ ಸಾಕಾಯಿತು. ಸೆಕೆಂಡಿಗೆ 240 ಚಿತ್ರ ತೆಗೆಯುವ ನಿಧಾನಗತಿಯ ವಿಡಿಯೊದಲ್ಲಿ ಒಂದೊಂದು ಚಿತ್ರಕ್ಕೆ ನಾಲ್ಕು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಕೋಲು ಮತ್ತು ಪರದೆ ಎರಡೂ ಕಾಣುವಂತೆ ಮೊಬೈಲನ್ನು ಸ್ಟೂಲಿನ ಮೇಲೆ ನಿಲ್ಲಿಸಿದೆ. ಅಕ್ಕ ಕೆಂಪು ಪ್ಯಾಡಿಗೆ ಹೊಡೆದಳು. ಕೋಲು ಪ್ಯಾಡನ್ನು ಮುಟ್ಟಿದ ಚಿತ್ರದಿಂದ ಪರದೆಯಲ್ಲಿ ಬೆಳಕು ಮಿನುಗಿದ ಚಿತ್ರದವರೆಗೆ ಎಣಿಸಿದರೆ 39. ಮೂವರೂ ಸೇರಿ ಡಬ್ಬಿ ಟಿವಿಯನ್ನು ಚಾವಡಿಗೆ ತಂದು, ಹಳದಿ-ಕೆಂಪು-ಬಿಳಿ ವಯರು ಸಿಕ್ಕಿಸಿ ಅದೇ ಅಳತೆ ತೆಗೆದಾಗ 14. ಆಟಕ್ಕೂ ಡ್ರಮ್ಮಿಗೂ ಸಹಜವಾಗಿ ಬೇಕಾದ ಸಮಯ ಈ 14ರಲ್ಲೇ ಸೇರಿದೆ. ಉಳಿದ 25 ಚಿತ್ರಗಳು, ಅಂದರೆ 104 ಮಿಲಿಸೆಕೆಂಡು, ಹೊಸ ಟಿವಿಯ ಪಾಲು.

ನೂರು ಮಿಲಿಸೆಕೆಂಡು ಎಂದರೆ ಕಣ್ಣು ಮಿಟುಕಿಸುವಷ್ಟೂ ಇಲ್ಲ ಎಂದು ಅನ್ನಿಸಬಹುದು. ಚೆಂಡೆಯವನನ್ನು ಕೇಳಿ. ಮುಕ್ತಾಯದ ವೇಗದಲ್ಲಿ ಸೆಕೆಂಡಿಗೆ ಎಂಟು ಪೆಟ್ಟು ಬಿದ್ದರೆ ಎರಡು ಪೆಟ್ಟುಗಳ ನಡುವಿನ ಅಂತರ 125 ಮಿಲಿಸೆಕೆಂಡು. ಹೊಸ ಟಿವಿ ಹೆಚ್ಚುಕಡಿಮೆ ಒಂದು ಪೂರ್ತಿ ಪೆಟ್ಟಿನಷ್ಟು ಹಿಂದಿತ್ತು. ನಮ್ಮ ತೋಟದ ಆಚೆ ಬದಿಯಲ್ಲಿ ಯಾರಾದರೂ ಸೌದೆ ಒಡೆಯುವಾಗ ಕೊಡಲಿ ಬಿದ್ದ ಮೇಲೆ ಶಬ್ದ ಕೇಳುತ್ತದಲ್ಲ, ಹಾಗೆ. ಶಬ್ದ ಒಂದು ಮೀಟರ್ ದಾಟಲು ಸುಮಾರು ಮೂರು ಮಿಲಿಸೆಕೆಂಡು ಬೇಕು. ಆ ಮಕ್ಕಳು ಮೂವತ್ತೈದು ಮೀಟರ್ ದೂರದಲ್ಲಿ ಇಟ್ಟ ಡ್ರಮ್ಮನ್ನು ಬಾರಿಸುತ್ತಿದ್ದರು ಎಂದೇ ಹೇಳಬೇಕು.

ಮೊದಲ ಮದ್ದು ರಿಮೋಟಿನಲ್ಲೇ ಇತ್ತು. ಪಿಕ್ಚರ್ ಮೋಡ್ ಪಟ್ಟಿಯ ಕೊನೆಯಲ್ಲಿ ಗೇಮ್ ಮೋಡ್. ಅದನ್ನು ಹಾಕಿದರೆ ಟಿವಿ ತನ್ನ ಅಲಂಕಾರದ ಕೆಲಸಗಳಲ್ಲಿ ಹೆಚ್ಚಿನವನ್ನು ಬಿಟ್ಟು ಚಿತ್ರವನ್ನು ಬೇಗ ದಾಟಿಸುತ್ತದೆ. ಬಣ್ಣ ಸ್ವಲ್ಪ ಸಪ್ಪೆಯಾಯಿತು, ಎಣಿಕೆ 39ರಿಂದ 21ಕ್ಕೆ ಇಳಿಯಿತು. ಡಬ್ಬಿ ಟಿವಿಗಿಂತ ಏಳು ಚಿತ್ರ ಹೆಚ್ಚು, ಸುಮಾರು 29 ಮಿಲಿಸೆಕೆಂಡು. ಟಿವಿ ಮಾರುವವರು ಹಣ ಎಣಿಸಿಕೊಳ್ಳುವ ಮೊದಲು ಈ ಒಂದು ಮಾತನ್ನು ಹೇಳಬೇಕು. ಯಾರೂ ಹೇಳುವುದಿಲ್ಲ, ಮಕ್ಕಳು ತಮ್ಮ ಕೈಯನ್ನೇ ಅನುಮಾನಿಸುತ್ತಾ ಕೂರುತ್ತಾರೆ.

ಉಳಿದದ್ದಕ್ಕೆ ಆಟದಲ್ಲೇ ವ್ಯವಸ್ಥೆ ಇದೆ. ಚಿತ್ರ ಎಷ್ಟು ತಡ, ಧ್ವನಿ ಎಷ್ಟು ತಡ ಎಂದು ಎರಡು ಸಂಖ್ಯೆಗಳನ್ನು ಕೊಟ್ಟರೆ ಆಟ ಅಷ್ಟು ಮುಂಚಿತವಾಗಿ ಕಳುಹಿಸುತ್ತದೆ, ಪೆಟ್ಟಿನ ಲೆಕ್ಕವನ್ನೂ ಅದಕ್ಕೆ ಸರಿಯಾಗಿ ಸರಿಸುತ್ತದೆ. ಇದೇ ಆಟದ ಗಿಟಾರಿನೊಳಗೆ ಬೆಳಕನ್ನು ಗುರುತಿಸುವ ಸೆನ್ಸರ್ ಮತ್ತು ಚಿಕ್ಕ ಮೈಕ್ ಇಟ್ಟಿದ್ದಾರೆ. ಟಿವಿಯ ಮುಂದೆ ಹಿಡಿದರೆ ಅದೇ ಅಳೆದುಕೊಳ್ಳುತ್ತದೆ. ಈ ಮನೆಯಲ್ಲಿದ್ದದ್ದು ಡ್ರಮ್ ಮಾತ್ರ. ಹಾಗಾಗಿ ಟಿಕ್ ಶಬ್ದಕ್ಕೆ ಕಣ್ಣು ಮುಚ್ಚಿಕೊಂಡು, ಗುರುತಿಗೆ ಕಿವಿ ಮುಚ್ಚಿದಂತೆ ಸದ್ದು ತೆಗೆದು, ನಾನೇ ಹೊಡೆದು ಸಂಖ್ಯೆ ಕಂಡುಕೊಂಡೆ. ಅಕ್ಕ ಮತ್ತೆ ಕೋಲು ಹಿಡಿದಳು. ಹಾಡು ಮುಗಿಯುವವರೆಗೂ ಕೆಳಗಿಡಲಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡು ಚಹಾ ಕುಡಿಯುತ್ತಿದ್ದಾಗ ಹುಡುಗ ಅಂದ, "ಮಾಮ, ನಡುವೆ ಬಿಡ್ತಿಗೆಯ ಹಾಗೆ ಬಾರಿಸುವವನಿಗೇ ಬಿಟ್ಟ ಒಂದು ಜಾಗ ಬರುತ್ತದಲ್ಲ, ಅಲ್ಲಿ ಈಗಲೂ ತಡ."

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಈ ಆಟದಲ್ಲಿ ಹಾಡಿನ ಡ್ರಮ್ ಮೊದಲೇ ಧ್ವನಿಮುದ್ರಣವಾಗಿದೆ. ಸರಿಯಾಗಿ ಹೊಡೆದರೆ ಅದು ಕೇಳಿಸುತ್ತಿರುತ್ತದೆ, ತಪ್ಪಿದರೆ ಮಾಯವಾಗುತ್ತದೆ. ಮುಂದೆ ಏನು ಬರಲಿದೆ ಎಂದು ಯಂತ್ರಕ್ಕೆ ಗೊತ್ತಿರುವುದರಿಂದ ಬೇಕಾದಷ್ಟು ಮುಂಚೆ ಕಳುಹಿಸಬಹುದು. ಆದರೆ ಅಲ್ಲಲ್ಲಿ ಆಟಗಾರನಿಗೆ ಬಿಟ್ಟುಕೊಟ್ಟ ಜಾಗಗಳಿವೆ. ಅಲ್ಲಿ ಮನಸ್ಸಿಗೆ ಬಂದಂತೆ ಬಾರಿಸಬಹುದು, ಹೊಡೆದ ಪ್ಯಾಡಿನ ಶಬ್ದವೇ ಬರುತ್ತದೆ. ನಾನು ಯಾವಾಗ ಹೊಡೆಯುತ್ತೇನೆ ಎಂದು ಯಂತ್ರ ಮುಂಚಿತವಾಗಿ ತಿಳಿಯುವುದು ಹೇಗೆ? ಕೋಲು ಬಿದ್ದ ಮೇಲೆಯೇ ಅದು ಶಬ್ದ ಹೊರಡಿಸಬೇಕು, ಆ ಶಬ್ದ ಟಿವಿಯ ಎಲ್ಲ ಕೋಣೆಗಳನ್ನು ಸುತ್ತಿಕೊಂಡು ಬರಬೇಕು. ಯಾವ ಸಂಖ್ಯೆ ಕೊಟ್ಟರೂ ಈ ತಡ ಕರಗುವುದಿಲ್ಲ. ಅದನ್ನು ದಾರಿಯಿಂದಲೇ ತೆಗೆದುಹಾಕಬೇಕು. ಹಾಡಿಗೆ ಕೈ ಸೇರಿಸುವುದು ಒಂದು, ತನ್ನ ಕೈಯ ನಾದವನ್ನು ತಾನು ಕೇಳುವುದು ಇನ್ನೊಂದು. ಎರಡನೆಯದು ತಪ್ಪಿದರೆ ವಾದ್ಯ ವಾದ್ಯವಾಗಿ ಉಳಿಯುವುದಿಲ್ಲ.

ಮರುದಿನ ಅಂಗಡಿಯ ಅಟ್ಟದಿಂದ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಒಂದನ್ನು ಇಳಿಸಿದೆ. ಧೂಳು ಹೊಡೆದು, ಕರಕರ ಎನ್ನುತ್ತಿದ್ದ ವಾಲ್ಯೂಮ್ ಕಂಟ್ರೋಲ್ ಬದಲಿಸಿದೆ. ಪ್ಲೇಸ್ಟೇಷನ್ 3ರಲ್ಲಿ ಧ್ವನಿಯನ್ನು ಎರಡು ದಾರಿಯಲ್ಲಿ ಒಟ್ಟಿಗೆ ಕಳುಹಿಸುವ ಆಯ್ಕೆ ಇದೆ. ಚಿತ್ರ ಎಚ್‌ಡಿಎಂಐ ಮೂಲಕ ಟಿವಿಗೆ ಹೋಗಲಿ, ಧ್ವನಿ ಮಾತ್ರ ಹಳೆಯ ವಯರಿನ ಕೆಂಪು-ಬಿಳಿ ಪಿನ್ನುಗಳಿಂದ ನೇರವಾಗಿ ಆಂಪ್ಲಿಫೈಯರಿಗೆ. ಟಿವಿಯ ಸ್ಪೀಕರನ್ನು ಪೂರ್ತಿ ಮೌನಗೊಳಿಸಿದೆ. ಸಾದಾ ಆಂಪ್ಲಿಫೈಯರಿನಲ್ಲಿ ಶಬ್ದವನ್ನು ಹಿಡಿದಿಡುವ ಮೆಮೊರಿ ಇಲ್ಲ; ಬಂದದ್ದು ಬಂದ ಹಾಗೆಯೇ ಹೊರಗೆ. ಹುಡುಗನ ತಾಯಿ, "ಬ್ಲೂಟೂತ್ ಸ್ಪೀಕರ್ ಆದರೆ ವಯರಿನ ರಗಳೆ ಇಲ್ಲವಲ್ಲ?" ಎಂದು ಕೇಳಿದರು. ಬೇಡವೇ ಬೇಡ ಎಂದೆ. ಶಬ್ದವನ್ನು ಕುಗ್ಗಿಸಿ, ಗಾಳಿಯಲ್ಲಿ ಕಳುಹಿಸಿ, ಮತ್ತೆ ಬಿಡಿಸುವ ಹೊತ್ತಿಗೆ ಟಿವಿಯ ತಡಕ್ಕಿಂತ ದೊಡ್ಡ ತಡ ಬಂದು ಕೂರುತ್ತದೆ.

ಎರಡು ಸಂಖ್ಯೆಗಳನ್ನು ಹೊಸದಾಗಿ ಅಳೆದೆವು. ಚಿತ್ರಕ್ಕೆ 30 ಮಿಲಿಸೆಕೆಂಡು, ಧ್ವನಿಗೆ 5. ಹುಡುಗ ಕೂತ. ತನಗೆ ಬಿಟ್ಟ ಜಾಗ ಬಂದಾಗ ಹಳದಿ ಪ್ಯಾಡಿಗೆ ಒಂದು ಪೆಟ್ಟು ಹೊಡೆದು ಥಟ್ಟನೆ ಕೈ ಹಿಂದೆ ತೆಗೆದ. "ಮಾಮ, ನಾನು ಹೊಡೆಯುವ ಮೊದಲೇ ಶಬ್ದ ಬಂತು!"

ಹಾಗೆ ಬರಲು ಸಾಧ್ಯವಿಲ್ಲ. ಆದರೆ ಅವನು ಸುಳ್ಳು ಹೇಳಿದ್ದೂ ಅಲ್ಲ. 2006ರಲ್ಲಿ ಅಮೆರಿಕದ ನರವಿಜ್ಞಾನಿಗಳು ಇದನ್ನೇ ಪ್ರಯೋಗದಲ್ಲಿ ತೋರಿಸಿದ್ದಾರೆ. ಗುಂಡಿ ಒತ್ತಿ ಸ್ವಲ್ಪ ತಡೆದು ಬೆಳಕು ಮಿನುಗುವುದಕ್ಕೆ ಒಗ್ಗಿಹೋದವರಿಗೆ, ಆ ತಡವನ್ನು ತೆಗೆದಾಗ, ಒತ್ತುವ ಮೊದಲೇ ಬೆಳಕು ಬಂದಂತೆ ಅನ್ನಿಸುತ್ತದೆ. ಮೂರು ವಾರಗಳಲ್ಲಿ ಆ ಹುಡುಗನ ಮಿದುಳು ಟಿವಿಯ ತಡವನ್ನೇ ಸಹಜ ಎಂದು ಬರೆದುಕೊಂಡಿತ್ತು. ಅದನ್ನು ಅಳಿಸಬೇಕಿತ್ತು.

ಆ ಆದಿತ್ಯವಾರ ಪಾಠಕ್ಕೆ ಬಂದಾಗ, ಗದರಿದ್ದು ನನ್ನದೇ ತಪ್ಪೆಂದು ಎಲ್ಲ ಮಕ್ಕಳ ಎದುರಿನಲ್ಲೇ ಅವನಿಗೆ ಹೇಳಿದೆ. ಏಕತಾಳದಲ್ಲಿ ನಿಧಾನವಾಗಿ ಕೂರಿಸಿದೆ. ಕೋಲು ಚರ್ಮಕ್ಕೆ ತಗಲಿದ್ದು, ನಾದ ಹೊರಟದ್ದು ಒಂದೇ ಎಂದು ಕೈಗೆ ಮತ್ತೆ ನಂಬಿಕೆ ಬರಬೇಕು. ಅದಕ್ಕೆ ಚೆಂಡೆಗಿಂತ ಒಳ್ಳೆಯ ಯಂತ್ರ ನನಗೆ ಗೊತ್ತಿಲ್ಲ. ಮೊದಲ ವಾರ ಆಗಾಗ ಮುಂದೆ ಹಾರುತ್ತಿದ್ದ. ಮೂರನೆಯ ವಾರ ಚಕ್ರತಾಳದ ಮೇಲೆಯೇ ಪೆಟ್ಟು ಬಂದು ಕೂತಿತು.

ಆ ಮನೆಯ ಟಿವಿಯ ಹಿಂದೆ ಒಂದು ಚೀಟಿ ಅಂಟಿಸಿ ಬಂದಿದ್ದೇನೆ: ಗೇಮ್ ಮೋಡ್, ಚಿತ್ರ 30, ಧ್ವನಿ 5, ಟಿವಿ ಸ್ಪೀಕರ್ ಬೇಡ. ಡಬ್ಬಿ ಟಿವಿಯನ್ನು ಗುಜರಿಗೆ ಹಾಕಬೇಡಿ ಎಂದು ಕೇಳಿಕೊಂಡೆ. ಈಗ ಅದು ನನ್ನ ಅಂಗಡಿಯ ಮೂಲೆಯಲ್ಲಿದೆ. ಆಟ ಸರಿಯಿಲ್ಲ ಎಂದು ಯಾರಾದರೂ ಬಂದರೆ ಮೊದಲು ಅದಕ್ಕೆ ವಯರು ಸಿಕ್ಕಿಸಿ 14 ಎಣಿಸುತ್ತೇನೆ.