ಮಂಗಳೂರಿನಿಂದ ಬಸರೂರಿಗೆ: ಆಳಿದವರ ಜಾಡಿನಲ್ಲೊಂದು ಪ್ರವಾಸ

ಕರಾವಳಿಯನ್ನು ಆಳಿದವರ ಚರಿತ್ರೆಯನ್ನು ಕಣ್ಣಾರೆ ಕಾಣಬೇಕೆಂದು ಹೊರಡುವವರು ಅರಮನೆಗಳನ್ನು ಹುಡುಕದೆ ಹೊಳೆಗಳನ್ನೂ ಅಳಿವೆಗಳನ್ನೂ ಹಿಡಿದು ಸಾಗುವುದು ಒಳ್ಳೆಯದು. ವಿಜಯನಗರ, ಪೋರ್ಚುಗೀಸರು, ಕೆಳದಿಯ ನಾಯಕರು, ಹೈದರಾಲಿ, ಹೀಗೆ ಇಲ್ಲಿಗೆ ಕೈಚಾಚಿದವರೆಲ್ಲರ ಕಣ್ಣು ಮುಖ್ಯವಾಗಿ ನೆಟ್ಟಿದ್ದುದು ಅಕ್ಕಿ, ಮೆಣಸು ಹಡಗೇರುತ್ತಿದ್ದ ಬಂದರುಗಳ ಮೇಲೆ. ಇದಕ್ಕೆ ಎರಡು ದಿನ ಸಾಕು. ಆದರೆ ಮಳೆಗಾಲ ಬೇಡ, ಪಾಚಿ ಹಿಡಿದ ಮುರಕಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ.

ಮಂಗಳೂರಿನಲ್ಲಿ ಮೊದಲು ಕದ್ರಿಗೆ ಹೋಗಿ, ಕರಾವಳಿಯ ಹಳೆಯ ರಾಜವಂಶವಾದ ಆಳುಪರ ಅರಸ ಕುಂದವರ್ಮನು 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹವನ್ನು ನೋಡಿ. ಬಾವುಟಗುಡ್ಡೆ ಹೆಚ್ಚು ಸಮಯ ಬೇಡುವುದಿಲ್ಲ: 1837ರ ಏಪ್ರಿಲಿನಲ್ಲಿ ಅಮರ ಸುಳ್ಯದ ರೈತರು ಈಸ್ಟ್ ಇಂಡಿಯಾ ಕಂಪನಿಯ ಬಾವುಟವನ್ನು ಇಳಿಸಿದ ಜಾಗವೆಂದು ತಿಳಿದಿದ್ದರೆ ಸಾಕು. ಸಂಜೆಗೆ ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ಇಟ್ಟುಕೊಳ್ಳಿ. ಕಾವಲುಗೋಪುರ ಚಿಕ್ಕದು, ದೊಡ್ಡ ಕೋಟೆಯನ್ನು ಕಲ್ಪಿಸಿಕೊಂಡು ಹೋದವರಿಗೆ ನಿರಾಸೆಯೇ. ಆದರೆ ಮೇಲೇರಿ ಗುರುಪುರ ಹೊಳೆಯತ್ತ ನೋಡಿದರೆ, ಯುದ್ಧದ ಹಡಗುಗಳು ಒಳಬಾರದಂತೆ ಟಿಪ್ಪು ಈ ಸ್ಥಳವನ್ನೇ ಏಕೆ ಆರಿಸಿದನೆಂಬುದು ಸ್ಪಷ್ಟವಾಗುತ್ತದೆ. 1784ರ ಮಾರ್ಚ್ 11ರಂದು ಅವನಿಗೂ ಇಂಗ್ಲಿಷರಿಗೂ ಒಪ್ಪಂದವಾದದ್ದು ಇದೇ ಊರಿನಲ್ಲಿ. ಗೋವೆಯಿಂದ ವಲಸೆ ಬಂದು ನೆಲೆಸಿದ್ದ ಕೊಂಕಣಿ ಕ್ರೈಸ್ತರನ್ನು ಅದೇ ವರ್ಷ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯಲಾಯಿತು. ಬದುಕುಳಿದವರಲ್ಲಿ ಹಲವರು 1799ರಲ್ಲಿ ಟಿಪ್ಪು ಮಡಿದ ನಂತರ ಮರಳಿದರು.

ಮರುದಿನ ಬೆಳಿಗ್ಗೆಯೇ ಬ್ರಹ್ಮಾವರದಲ್ಲಿ ಇಳಿದು ಬಾರಕೂರಿಗೆ ಹೋಗಿ. ಆಳುಪರ ರಾಜಧಾನಿಯಾಗಿದ್ದ ಈ ಊರು ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ, ಅಂದರೆ ಪ್ರಾಂತ್ಯದ, ಕೇಂದ್ರವಾಯಿತು. ದಕ್ಷಿಣಕ್ಕೆ ಮಂಗಳೂರು ರಾಜ್ಯವಿತ್ತು, ಎರಡಕ್ಕೂ ಅಧಿಕಾರಿಗಳು ಹಂಪೆಯಿಂದ ನೇಮಕವಾಗುತ್ತಿದ್ದರು. ಕತ್ತಲೆ ಬಸದಿಯಷ್ಟನ್ನೇ ನೋಡಿ ಹಿಂತಿರುಗಬೇಡಿ. ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿಗಳಲ್ಲಿ ನಡೆದಾಡಿದರೆ ಮಾತ್ರ ಹಳೆಯ ಪಟ್ಟಣದ ಅಂಗಾಂಗ ಅರ್ಥವಾಗುತ್ತದೆ.

ನನ್ನ ದೃಷ್ಟಿಯಲ್ಲಿ ಈ ಪ್ರವಾಸದ ತಿರುಳಿರುವುದು ಕುಂದಾಪುರದ ಹತ್ತಿರ, ವಾರಾಹಿ ದಡದ ಬಸರೂರಿನಲ್ಲಿ. ಸಾಮ್ರಾಜ್ಯ ಎಷ್ಟೇ ದೊಡ್ಡದಿದ್ದರೂ ಊರಿನ ವ್ಯವಹಾರ ಸ್ಥಳೀಯರ ಕೈಯಲ್ಲೇ ಇತ್ತೆಂಬುದಕ್ಕೆ ಇಲ್ಲಿನ ಶಾಸನಗಳೇ ಸಾಕ್ಷಿ. ಪಡುಕೇರಿ, ಮೂಡುಕೇರಿಗಳ ಹಲರು, ಸೆಟ್ಟಿಕಾರರು ಎಂಬ ವರ್ತಕ ಸಂಘಗಳು ಅವುಗಳಲ್ಲಿ ಮತ್ತೆಮತ್ತೆ ಕಾಣಿಸಿಕೊಳ್ಳುತ್ತವೆ. ಇಲ್ಲಿನ ಅಕ್ಕಿಗಾಗಿ ಹಾತೊರೆದ ಪೋರ್ಚುಗೀಸರು 1569ರಲ್ಲಿ ಬಂದರನ್ನು ಹಿಡಿದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಅವರನ್ನು ಹೊರಗಟ್ಟಿದ. ಇಂದು ಹಡಗುಗಳ ಸುಳಿವೂ ಇಲ್ಲದ ಶಾಂತ ಊರು ಅದು. ದೇವಾಲಯಗಳ ಅಂಗಳದ ಶಾಸನಗಳನ್ನು ಓದಲು ಓರೆಬಿಸಿಲಿನ ಹೊತ್ತು ಅನುಕೂಲವಾದ್ದರಿಂದ ನಾಲ್ಕು ಗಂಟೆಯೊಳಗೆ ಅಲ್ಲಿಗೆ ತಲುಪಿ, ಕುಂದಾಪುರಕ್ಕೆ ಮರಳುವ ಬಸ್ಸಿನ ವೇಳೆಯನ್ನು ಇಳಿದ ಕೂಡಲೇ ವಿಚಾರಿಸಿಟ್ಟುಕೊಳ್ಳಿ.