ಹದಿಮೂರನೆಯ ಕೀರ್ತನೆಯ ಆರು ವಚನ

ನಮ್ಮ ಬೈಬಲ್ ತರಗತಿಗೆ ಹಾಜರಿಯೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಟೀಚರ್ ಬರುತ್ತಿದ್ದರು, ಬೋರ್ಡಿನ ಮೇಲೆ ಎರಡು ಅಡ್ಡಗೆರೆ ಎಳೆಯುತ್ತಿದ್ದರು. ಮೇಲಿನ ಖಾನೆಯಲ್ಲಿ 1–2, ನಡುವೆ 3–4, ಕೆಳಗೆ 5–6. ಅವು ಬೈಬಲಿನ ಪ್ರಾರ್ಥನಾಗೀತೆಗಳ ಪುಸ್ತಕವಾದ ಕೀರ್ತನೆಗಳಲ್ಲಿ 13ನೆಯದರ ವಚನಗಳ ಅಂಕಿ. ಮೊದಲ ಎರಡು ವಚನ ದೂರು, ಮುಂದಿನ ಎರಡು ಬೇಡಿಕೆ, ಕೊನೆಯ ಎರಡು ಭರವಸೆ. ಮನಸ್ಸು ಮುರಿದಾಗ ಹೇಗೆ ಪ್ರಾರ್ಥಿಸಬೇಕು ಎಂದು ಯಾರಾದರೂ ಕೇಳಿದರೆ ನಮ್ಮ ಬ್ಯಾಚಿನವರು ಇವತ್ತಿಗೂ ಮೊದಲು ಈ ಮೂರು ಖಾನೆಯನ್ನೇ ಬರೆದು ತೋರಿಸುತ್ತೇವೆ.

150 ಕೀರ್ತನೆಗಳಲ್ಲಿ ಹೆಚ್ಚೂಕಡಿಮೆ ಮೂರರಲ್ಲೊಂದು ಪಾಲು ಅಳಲಿನವು. ಆರಾಧನೆಯಲ್ಲಿ ಹಾಡುವುದು ಮಾತ್ರ ಬಹುಪಾಲು ಸ್ತುತಿಯ ಹಾಡು. ಹಾಗಾಗಿ ದುಃಖದಲ್ಲಿರುವವರಿಗೆ, ದೇವರ ಮುಂದೆ ನಗುಮುಖ ಹೊತ್ತುಕೊಂಡೇ ಹೋಗಬೇಕೇನೋ ಎನ್ನಿಸಿಬಿಡುತ್ತದೆ. ಅವರು ಮೇಲಿನ ಎರಡು ಖಾನೆ ಬಿಟ್ಟು ನೇರವಾಗಿ ಕೆಳಗಿನದಕ್ಕೆ ಹಾರುತ್ತಾರೆ. "ಎಲ್ಲವೂ ಒಳ್ಳೆಯದಕ್ಕೇ, ನಿನಗೆ ಸ್ತೋತ್ರ" ಎಂದು ಬಾಯಿ ಹೇಳುತ್ತದೆ, ಎದೆಯೊಳಗಿನದು ಇದ್ದಲ್ಲೇ ಇರುತ್ತದೆ. ವಾರ ಕಳೆಯುವಷ್ಟರಲ್ಲಿ ಪ್ರಾರ್ಥನೆಯೇ ಸುಳ್ಳೆನಿಸಿ ನಿಂತುಹೋಗುತ್ತದೆ. ನಾವು ಕಂಡಮಟ್ಟಿಗೆ ಅತಿ ಸಾಮಾನ್ಯವಾದ ತಪ್ಪು ಇದೇ.

ಈ ಕೀರ್ತನೆಯ ಮೊದಲೆರಡು ವಚನದಲ್ಲಿ "ಎಷ್ಟರವರೆಗೆ?" ಎಂಬ ಪ್ರಶ್ನೆ ಮೂಲ ಹೀಬ್ರೂವಿನಲ್ಲಿ ನಾಲ್ಕು ಸಲ ಬರುತ್ತದೆ. ದೂರಿಗೆ ಅಷ್ಟು ಜಾಗವಿದೆ. ನಮ್ಮದೇ ಪ್ರಾರ್ಥನೆಯನ್ನು ಈ ಮೂರು ಖಾನೆಯಲ್ಲಿ ಬರೆಯುವಾಗ ಮೇಲಿನದರಲ್ಲಿ "ದುಃಖವಾಗಿದೆ" ಎಂದು ಬರೆದರೆ ಸಾಲದು. ಏನಾಯಿತು, ಯಾವಾಗ, ದಿನದ ಯಾವ ಹೊತ್ತಿಗೆ ಹೆಚ್ಚು ಹಿಂಡುತ್ತದೆ, ಇಷ್ಟೂ ಬರಬೇಕು. ಟೀಚರ್ ಮಾದರಿಗೆ ಬರೆದದ್ದು ಹೀಗಿತ್ತು: "ಕರ್ತನೇ, ಅಮ್ಮ ಹೋಗಿ ನಾಲ್ಕು ತಿಂಗಳು. ಸಂಜೆ ಏಳಕ್ಕೆ ಫೋನ್ ಬರುತ್ತಿತ್ತು, ಈಗ ಬರಲ್ಲ. ಆಗ ನೀನು ಯಾಕೆ ಸುಮ್ಮನಿದ್ದೆ?" ಐದಾರು ಸಾಲು ಸಾಕು. ದೇವರಿಗೆ ಕೋಪ ಬಂದೀತು ಎಂದು ಭಾಷೆಯನ್ನು ನಯ ಮಾಡಬೇಕಾಗಿಲ್ಲ. ಯೇಸು ಶಿಲುಬೆಯ ಮೇಲೆ ಕೂಗಿದ "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?" ಎಂಬುದು 22ನೆಯ ಕೀರ್ತನೆಯ ಮೊದಲ ಸಾಲು. ಅದಕ್ಕಿಂತ ಒರಟಾಗಿ ಬರೆಯುವುದು ಕಷ್ಟ.

ದೂರು ಹೇಳಿಕೊಳ್ಳುತ್ತಾ ಹೇಳಿಕೊಳ್ಳುತ್ತಾ ಅದು ಕೊರಗಾಗಿಬಿಡುವ ಅಪಾಯ ಇದ್ದೇ ಇದೆ. ಅದನ್ನು ಪತ್ತೆ ಮಾಡಲು ವ್ಯಾಕರಣ ಸಾಕು. ವಾಕ್ಯ "ನೀನು" ಎಂದು ದೇವರತ್ತ ತಿರುಗಿದೆಯೇ ನೋಡಬೇಕು. "ಅವರು ಹಾಗಂದರು, ನಾನು ಹೀಗನ್ನಬೇಕಿತ್ತು" ಎಂದು ನಾಲ್ಕು ಸಾಲು ಹೋಯಿತೆಂದರೆ ಎದುರಿಗೆ ದೇವರಿಲ್ಲ, ಆ ಜಗಳ ಮಾತ್ರ ಇದೆ. ಆಗ ಪ್ರತಿ ವಾಕ್ಯದ ಮೊದಲು "ಕರ್ತನೇ" ಎಂದು ಸೇರಿಸಿ ಮತ್ತೆ ಓದಿದರೆ ದಿಕ್ಕು ಸರಿಹೋಗುತ್ತದೆ. ಹತ್ತು ಹದಿನೈದು ನಿಮಿಷವಾದ ಮೇಲೆ ಏಳುವುದು ಒಳ್ಳೆಯದು. ರಾತ್ರಿ ಹನ್ನೆರಡರ ನಂತರ ಬರೆದದ್ದು ಬಹುಮಟ್ಟಿಗೆ ಕೊರಗೇ ಆಗಿರುತ್ತದೆ.

ನಡುವಿನ ಖಾನೆ ಚಿಕ್ಕದು. 13ನೆಯ ಕೀರ್ತನೆಯಲ್ಲಿ ಕೇಳಿರುವುದು ಮೂರೇ: ನನ್ನತ್ತ ನೋಡು, ಉತ್ತರ ಕೊಡು, ನನ್ನ ಕಣ್ಣಿಗೆ ಬೆಳಕು ಕೊಡು. "ನನ್ನ ನೋವೆಲ್ಲ ತೆಗೆದುಬಿಡು" ಎಂದರೆ ನಾಳೆ ಬೆಳಗ್ಗೆ ನೋವು ಇದ್ದೇ ಇರುತ್ತದೆ, ಪ್ರಾರ್ಥನೆ ಸೋತಂತೆ ಕಾಣುತ್ತದೆ. "ನಾಳೆ ಎದ್ದು ಮುಖ ತೊಳೆದು ಒಬ್ಬರ ಹತ್ತಿರ ಮಾತಾಡುವಷ್ಟು ಬಲ ಕೊಡು" ಎಂದರೆ ಸಂಜೆ ಹಿಂತಿರುಗಿ ನೋಡಲು ಏನಾದರೂ ಸಿಗುತ್ತದೆ. ಯೇಸುವಿನ ಅಪೊಸ್ತಲ ಪೌಲನು ತನ್ನ ಶರೀರದಲ್ಲಿ ನಾಟಿದ ಮುಳ್ಳು ಎಂದು ಕರೆದ ಬಾಧೆಯ ವಿಷಯವಾಗಿ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ತಾಳಿಕೊಳ್ಳುವ ಕೃಪೆ ಸಿಕ್ಕಿತು.

ಕೆಳಗಿನ ಖಾನೆಯನ್ನು ಬಲವಂತವಾಗಿ ತುಂಬಬಾರದು. ಬರುವುದಿಲ್ಲವಾದರೆ ದಿನಾಂಕ ಮಾತ್ರ ಬರೆದು ನೋಟ್‌ಬುಕ್ ಮುಚ್ಚಿಡುವುದು. 88ನೆಯ ಕೀರ್ತನೆ ಕೊನೆಯ ವಚನದವರೆಗೂ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದನ್ನು ಯಾರೂ ಬೈಬಲಿನಿಂದ ತೆಗೆದುಹಾಕಲಿಲ್ಲ. ಏನೂ ಅನ್ನಿಸದಿರುವುದಕ್ಕೂ ನಂಬಿಕೆ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ. ಇಂಥ ಒಣ ದಿನಗಳಿಗೆ 16ನೆಯ ಶತಮಾನದ ಸಂತ ಇಗ್ನೇಷಿಯಸ್ ಕೊಟ್ಟ ನಿಯಮವೊಂದು ಬಹಳ ಉಪಯುಕ್ತ: ಮನಸ್ಸು ಕುಸಿದಿರುವಾಗ ಹಿಂದೆ ಸಮಾಧಾನದಲ್ಲಿದ್ದು ಮಾಡಿದ ನಿರ್ಧಾರವನ್ನು ಬದಲಿಸಬೇಡ. ಕೋರ್ಸ್ ಬಿಡುವುದು, ಸಂಬಂಧ ಕಡಿದುಕೊಳ್ಳುವುದು, ಎಲ್ಲ ಆಮೇಲೆ.

ಬರೆಯಲೂ ಆಗದಿದ್ದರೆ? ಸೆರೆಯಾದ ರಾತ್ರಿ ಗೆತ್ಸೆಮನೆ ಎಂಬಲ್ಲಿ ಯೇಸು ಮೂರನೆಯ ಸಲವೂ ಅದೇ ಮಾತುಗಳಲ್ಲೇ ಪ್ರಾರ್ಥಿಸಿದ ಎಂದು ಮತ್ತಾಯನ ಸುವಾರ್ತೆಯ 26ನೆಯ ಅಧ್ಯಾಯ ಹೇಳುತ್ತದೆ. ಹೊಸ ಮಾತು ಹುಡುಕಬೇಕಾಗಿಲ್ಲ. ಒಂದು ಚಿಕ್ಕ ವಚನವನ್ನು ಉಸಿರಿಗೆ ಕಟ್ಟಿಕೊಳ್ಳಬಹುದು: ಉಸಿರು ಎಳೆಯುವಾಗ "ಯೆಹೋವನು ನನಗೆ ಕುರುಬನು", ಬಿಡುವಾಗ ನಿಧಾನವಾಗಿ "ಕೊರತೆಪಡೆನು". ಬಿಡುವ ಉಸಿರು ಎಳೆಯುವುದಕ್ಕಿಂತ ಉದ್ದವಿರಲಿ, ಎದೆಬಡಿತ ಇಳಿಯುವುದು ಆಗಲೇ. ಐದು ನಿಮಿಷ ಸಾಕು. ತಲೆ ಸುತ್ತಿದರೆ ಉಸಿರನ್ನು ಅದರ ಪಾಡಿಗೆ ಬಿಟ್ಟು ವಚನವನ್ನಷ್ಟೇ ಮುಂದುವರಿಸುವುದು.

ಅದೇ ಗೆತ್ಸೆಮನೆಯಲ್ಲಿ ಇನ್ನೊಂದು ವಿಷಯವಿದೆ. ಜೊತೆಗಿದ್ದ ಶಿಷ್ಯರೆಲ್ಲರಿಗೂ ಯೇಸು ತನ್ನ ಸಂಕಟ ಹೇಳಲಿಲ್ಲ, ಪೇತ್ರನನ್ನೂ ಜೆಬೆದಾಯನ ಇಬ್ಬರು ಮಕ್ಕಳನ್ನೂ ಮಾತ್ರ ಜೊತೆಗೆ ಕರೆದುಕೊಂಡು ಹೋಗಿ ಹೇಳಿಕೊಂಡ. ಇಡೀ ಸಭೆಯ ಮುಂದೆ ಪ್ರಾರ್ಥನಾ ಕೋರಿಕೆಯಾಗಿ ಇಟ್ಟದ್ದು ಸುದ್ದಿಯಾಗಲು ಹೆಚ್ಚು ಹೊತ್ತು ಬೇಡ, ಎರಡು ಮೂರು ಜನಕ್ಕೆ ಹೇಳಿದ್ದು ಉಳಿಯುತ್ತದೆ. (ಆ ಮೂವರೂ ನಿದ್ದೆ ಹೋದರು ಎಂಬುದನ್ನೂ ಮರೆಯಬಾರದು. ಆಪ್ತರಿಂದ ತೀರಾ ಹೆಚ್ಚು ನಿರೀಕ್ಷಿಸಿದರೆ ಇನ್ನೊಂದು ನೋವು.)

ಪ್ರಾರ್ಥನೆಗಿಂತ ಮೊದಲು ಊಟ, ನಿದ್ದೆ. ಬೈಬಲಿನ ಒಂದನೇ ಅರಸುಗಳ ಪುಸ್ತಕದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಗಿಡದ ಕೆಳಗೆ ಕುಳಿತು "ಸಾಕು, ನನ್ನ ಪ್ರಾಣ ತೆಗೆದುಬಿಡು" ಎಂದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. "ಇಲ್ಲೇನು ಮಾಡುತ್ತೀ?" ಎಂಬ ದೇವರ ಪ್ರಶ್ನೆ ಬಂದದ್ದು ಆಮೇಲೆ. ಉಪವಾಸ ಮಾಡಿ ರಾತ್ರಿಯಿಡೀ ಪ್ರಾರ್ಥಿಸು ಎಂದು ದುಃಖದಲ್ಲಿರುವವರಿಗೆ ಹೇಳುವವರು ಈ ಅಧ್ಯಾಯ ಓದಿಲ್ಲವೆಂದೇ ನಮ್ಮ ಅನುಮಾನ. ಎರಡು ವಾರ ಸತತವಾಗಿ ದಿನದ ಬಹುಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವಂತಿಲ್ಲ, ಆ ಹೊತ್ತಿಗೇ ಯಾರಿಗಾದರೂ ಹೇಳಬೇಕು, ಒಂಟಿಯಾಗಿರಬಾರದು. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಎಂದರ್ಥವಲ್ಲ. ಪೌಲನ ಜೊತೆಗಾರ ಲೂಕನೇ ವೈದ್ಯ. ಹೊಡೆತ, ಹಿಂಸೆಯಿಂದ ಬಂದ ನೋವಾದರೆ ಮೊದಲು ಅಲ್ಲಿಂದ ಹೊರಬರಬೇಕು. ಕ್ಷಮಿಸುವುದೆಂದರೆ ಮತ್ತೆ ಹೊಡೆಸಿಕೊಳ್ಳಲು ಹೋಗುವುದಲ್ಲ.

ನೊಂದವರ ಮನೆಗೆ ಹೋಗುವವರಿಗೂ ಆ ತರಗತಿಯಲ್ಲಿ ಪಾಠವಿತ್ತು. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಅವನ ಜೊತೆ ಕುಳಿತರು. ಬಾಯಿ ಬಿಟ್ಟ ಮೇಲೆ ಕೆಟ್ಟರು. ಕೊನೆಯ ಅಧ್ಯಾಯದಲ್ಲಿ ದೇವರು ಅವರ ಮೇಲೆಯೇ ಸಿಟ್ಟಾಗುತ್ತಾನೆ. ಹಾಗಾಗಿ ಹೋದಾಗ ಇಪ್ಪತ್ತು ನಿಮಿಷ ಕುಳಿತುಕೊಳ್ಳುವುದು. "ಎಲ್ಲವೂ ಹಿತಕ್ಕಾಗಿಯೇ" ಎಂಬ ವಚನವನ್ನು ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಹೇಳಬಾರದು. ಪ್ರಾರ್ಥಿಸಲೇ ಎಂದು ಕೇಳಿ, ಬೇಡವೆಂದರೆ ಬಿಡುವುದು. ಹೂಂ ಎಂದರೆ 13ನೆಯ ಕೀರ್ತನೆಯ ಮೊದಲ ನಾಲ್ಕು ವಚನವನ್ನು ನಿಧಾನವಾಗಿ ಓದಿ, ಉಳಿದೆರಡನ್ನು ಅವರು ಕೇಳಿದರೆ ಓದುವುದು. ಮತ್ತೆ ಮೂರನೆಯ ತಿಂಗಳು ಹೋಗಬೇಕು. ಆ ಹೊತ್ತಿಗೆ ಬರುವವರೆಲ್ಲ ಬಂದು ಹೋಗಿರುತ್ತಾರೆ.